ರಜೆಯಲ್ಲಿ ಹಟ್ಟಿಗೆ ಬಂದ ಮಕ್ಕಳು

ಮೇ ತಿಂಗಳ ಒಂದು ಶುಕ್ರವಾರ ಸಂಜೆ, ಹಾಲು ಹಾಕುವ ಹೊತ್ತಿಗೆ ಸರಿಯಾಗಿ, ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಒಂದು ಸಂಘದ ಎದುರು ಬಾಡಿಗೆ ಬಸ್ಸೊಂದು ನಿಂತಿತು. ಇಳಿದವರು 28 ಮಂದಿ ಯುವಕ ಯುವತಿಯರು. ಬೆನ್ನಿಗೆ ಚೀಲ, ಒಬ್ಬನ ಕೈಯಲ್ಲಿ ಗಿಟಾರ್, ಇನ್ನೊಬ್ಬನ ಹೆಗಲಿಗೆ ಗುಮಟೆ. ಖಾಲಿ ಕ್ಯಾನು ಹಿಡಿದು ನಿಂತಿದ್ದ ಸದಸ್ಯರೊಬ್ಬರು ಕಾರ್ಯದರ್ಶಿಯವರ ಹತ್ತಿರ, "ಇವರು ಪುನಃ ಬಂದರಾ?" ಎಂದು ಕೇಳಿದರು. ಆ ಮಾತಿನಲ್ಲಿ ಸಂತೋಷವೂ ಇತ್ತು, ಸಂಶಯವೂ ಇತ್ತು. ಸಂಶಯಕ್ಕೆ ಕಾರಣ ಆ ಮಕ್ಕಳಲ್ಲ, ಈ ಮಾರ್ಗದ ವಿಸ್ತರಣಾಧಿಕಾರಿಯಾದ ನಾನು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕರಾವಳಿಯಲ್ಲಿ ಎಲ್ಲರೂ ಐಸಿವೈಎಂ ಎಂದು ಕರೆಯುವ ಭಾರತೀಯ ಕಥೋಲಿಕ ಯುವ ಸಂಚಾಲನಕ್ಕೆ ಮಂಗಳೂರು ಧರ್ಮಪ್ರಾಂತ್ಯದ ಚರ್ಚುಗಳಲ್ಲಿ ಘಟಕಗಳಿವೆ. ರಕ್ತದಾನ, ಕ್ರಿಕೆಟ್ ಪಂದ್ಯ, ಕ್ರಿಸ್ಮಸ್ ಗೋದಲಿ ಇವೆಲ್ಲ ಈ ಹುಡುಗ ಹುಡುಗಿಯರ ಮಾಮೂಲಿ ಕೆಲಸ. ನಾನು ಹೇಳುತ್ತಿರುವುದು ಮಂಗಳೂರು ನಗರದ ಒಂದು ಚರ್ಚಿನ ಘಟಕದ ವಿಷಯ. 2019ರ ಆಗಸ್ಟ್ ನೆರೆಯಲ್ಲಿ ಘಾಟಿಯ ಕೆಳಗಿನ ತೋಟಗಳಿಗೆ ಮರಳು, ಮರದ ದಿಮ್ಮಿ ನುಗ್ಗಿದಾಗ ಹಾರೆ ಹಿಡಿದು ಬಂದವರಲ್ಲಿ ಇವರಲ್ಲಿ ಕೆಲವರು ಇದ್ದರು. ಆಗ ಆದ ಪರಿಚಯ. ಕೊರೋನ ಕಳೆದ ಮೇಲೆ, "ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಬರುತ್ತೇವೆ, ಹೈನುಗಾರರಿಗೆ ಏನಾದರೂ ಮಾಡಿಕೊಡಬಹುದಾ?" ಎಂದು ಫೋನು ಮಾಡಿದರು.

ಏನು ಮಾಡಬೇಕೆಂದು ನಾನು ರೈತರನ್ನು ಕೇಳಲಿಲ್ಲ. ಆ ವರ್ಷ ನನ್ನ ತಲೆಯಲ್ಲಿ ಅಜೋಲ್ಲಾ ತುಂಬಿತ್ತು. ಒಂದೇ ದಿನ ಆರು ಮನೆಗಳಲ್ಲಿ ಗುಂಡಿ ತೋಡಿಸಿದೆ. ಹಾಳೆ ಹಾಸಿ, ಜರಡಿ ಹಿಡಿದ ಮಣ್ಣು ಹರಡಿ, ಸೆಗಣಿ ನೀರು ಮತ್ತು ಸೂಪರ್ ಫಾಸ್ಫೇಟ್ ಕಲಸಿ, ಅಜೋಲ್ಲಾ ಬಿಟ್ಟು, ಸುತ್ತ ನಿಂತು ಫೋಟೋ ತೆಗೆದೆವು. ಈ ವರ್ಷ ಏಪ್ರಿಲ್‌ನಲ್ಲಿ ನೋಡಿದರೆ ಉಳಿದದ್ದು ಒಂದು. ಅದು ಹಲಸಿನ ಮರದ ನೆರಳಿನಲ್ಲಿತ್ತು, ಮನೆಯ ಸೊಸೆ ದಿನಾ ಕೈಹಾಕುತ್ತಿದ್ದರು. ಉಳಿದ ಐದರಲ್ಲಿ ಎರಡಕ್ಕೆ ನೆರಳಿರಲಿಲ್ಲ, ಬಿಸಿಲು 35 ಡಿಗ್ರಿ ದಾಟಿದಾಗ ಕೆಂಪಾಗಿ ಸತ್ತುಹೋಯಿತು. ಒಂದನ್ನು ಕೋಳಿಗಳು ಕೆದಕಿದವು. ಇನ್ನೆರಡರಲ್ಲಿ ದಿನಕ್ಕೆ ಅರ್ಧ ಕಿಲೋ ತೆಗೆಯದೆ ಬಿಟ್ಟದ್ದರಿಂದ ಒತ್ತೊತ್ತಾಗಿ ಬೆಳೆದು ಕೊಳೆಯಿತು. ನಾಲ್ಕು ಮಂದಿ ಅರ್ಧ ದಿನದಲ್ಲಿ ಗುಂಡಿ ತೋಡಿಬಿಡಬಹುದು. ಅದನ್ನು ವರ್ಷವಿಡೀ ನೋಡಿಕೊಳ್ಳುವವರು ಮನೆಯಲ್ಲಿ ಇದ್ದಾರೋ ಇಲ್ಲವೋ ಎಂದು ನಾನು ವಿಚಾರಿಸಿರಲಿಲ್ಲ.

ಆದ್ದರಿಂದ ಈ ಸಲ ಘಟಕದ ಅಧ್ಯಕ್ಷೆಯನ್ನೂ ಇನ್ನಿಬ್ಬರನ್ನೂ ಏಪ್ರಿಲ್‌ನ ಒಂದು ಭಾನುವಾರವೇ ಕರೆಸಿದೆ. ಹಾಲು ಹಾಕಲು ಬಂದವರ ಹತ್ತಿರ ಅವರೇ ಕೇಳಿದರು, "ನಾಲ್ಕು ದಿನ ನಾವಿದ್ದರೆ ನಿಮಗೆ ಏನು ಮಾಡಿಕೊಡಬೇಕು?" ಅಜೋಲ್ಲಾ ಎಂದು ಒಬ್ಬರೂ ಹೇಳಲಿಲ್ಲ. ಬಾವಿಯ ಹೂಳು ತೆಗೆಯಬೇಕು, ಹಟ್ಟಿಯ ನೆಲ ಒಡೆದು ಮೂತ್ರ ನಿಲ್ಲುತ್ತದೆ, ಗೊಬ್ಬರದ ಗುಂಡಿ ಖಾಲಿ ಮಾಡಲು ಆಳು ಸಿಗುವುದಿಲ್ಲ, ನೇಪಿಯರ್ ಹುಲ್ಲಿನ ತುಂಡು ಊರಬೇಕು. ಕೊನೆಗೆ ಬಂದವರು ಅರುವತ್ತೆಂಟು ವರ್ಷದ ಒಬ್ಬ ಅಜ್ಜಿ. "ನನಗೆ ಬೇರೇನೂ ಬೇಡ. ನಾಲ್ಕು ದಿನ ಬೆಳಗ್ಗೆ ನನ್ನ ಹಾಲು ಡೈರಿಗೆ ತಂದುಕೊಡಿ. ಮೊಣಕಾಲು ಆಗುವುದಿಲ್ಲ" ಎಂದರು.

ಅಜ್ಜಿಯ ಮನೆ ಸಂಘದಿಂದ ಒಂದು ಕಿಲೋಮೀಟರ್. ಗುಡ್ಡ ಇಳಿದು ಕಾಲುಸಂಕ ದಾಟಿ ಬರಬೇಕು. ಎರಡು ಮಿಶ್ರತಳಿ ದನಗಳು: ಹಾಲು ಕೊಡುತ್ತಿರುವುದು ಬೊಳ್ಳಿ, ಗಬ್ಬದಲ್ಲಿರುವುದು ಕಾಳಿ. ಮಗ ಮುಂಬಯಿಯಲ್ಲಿ, ಮಗಳು ಬೆಂಗಳೂರಿನಲ್ಲಿ. ದಲ್ಲಾಳಿ ಎರಡು ಸಲ ಬಂದು ಹೋಗಿದ್ದಾನೆಂದು ಕಾರ್ಯದರ್ಶಿಯವರು ಆಮೇಲೆ ನನಗೆ ಹೇಳಿದರು. ನಮ್ಮ ಜಿಲ್ಲೆಯಲ್ಲಿ ಹಟ್ಟಿಗಳು ಹೀಗೇ ಒಂದೊಂದಾಗಿ ಮುಚ್ಚುತ್ತಿವೆ. ಹಾಲಿನ ದರ, ಪಶು ಆಹಾರದ ದರ ಇವುಗಳ ಬಗ್ಗೆ ಸಭೆಯಲ್ಲಿ ಮಾತಾಡುತ್ತೇವೆ. ಕ್ಯಾನು ಹೊರುವವರು ಯಾರು ಎಂಬುದು ಕಾರ್ಯಸೂಚಿಯಲ್ಲಿ ಬರುವುದಿಲ್ಲ.

ಶಿಬಿರ ಊರಿನ ಚರ್ಚ್ ಸಭಾಭವನದಲ್ಲಿ. ಮೊದಲ ದಿನವೇ ಒಂದು ಎಡವಟ್ಟು. ಶನಿವಾರ ಬೆಳಗ್ಗೆ ಐದೂವರೆಗೆ ಹಾಲು ಹಿಂಡುವುದನ್ನು ನೋಡಬೇಕೆಂದು ಹದಿನಾಲ್ಕು ಮಂದಿ ಅಜ್ಜಿಯ ಹಟ್ಟಿಗೆ ನುಗ್ಗಿದರು. ಮೊಬೈಲ್ ಬೆಳಕು, ನಗು, ಒಬ್ಬಳ ಕಿರುಚು. ಬೊಳ್ಳಿ ಕಿವಿ ನಿಗುರಿಸಿ, ಕಾಲು ಝಾಡಿಸಿ, ದಿನಾ ಕೊಡುವುದಕ್ಕಿಂತ ಒಂದೂವರೆ ಲೀಟರ್ ಕಡಿಮೆ ಹಾಲು ಕೊಟ್ಟಿತು. ನಮಗೆಲ್ಲ ಗೊತ್ತಿರುವ ವಿಷಯವೇ. ಕೆಚ್ಚಲು ತೊಳೆದು ಒರೆಸಿದಾಗ ದನದ ಮೈಯಲ್ಲಿ ಆಕ್ಸಿಟೋಸಿನ್ ಹಾರ್ಮೋನು ಹರಿದು ಹಾಲು ಇಳಿಯುತ್ತದೆ. ಅದರ ಪ್ರಭಾವ ಐದರಿಂದ ಏಳು ನಿಮಿಷ ಮಾತ್ರ. ಅಷ್ಟರಲ್ಲಿ ದನ ಹೆದರಿದರೆ ಇಳಿದ ಹಾಲೂ ಕಟ್ಟಿಕೊಳ್ಳುತ್ತದೆ. ಗೊತ್ತಿದ್ದೂ ಮಕ್ಕಳಿಗೆ ಹೇಳಿರಲಿಲ್ಲ. ಅವತ್ತೇ ನಿಯಮ ಮಾಡಿದೆವು. ಒಂದು ಹಟ್ಟಿಗೆ ನಾಲ್ಕೇ ಜನ, ಹಿಂಡುವಾಗ ಒಬ್ಬರೂ ಬೇಡ, ಮೊಬೈಲ್ ಹೊರಗೆ. ಒಂದು ಹಟ್ಟಿಯಿಂದ ಇನ್ನೊಂದಕ್ಕೆ ಹೋಗುವಾಗ ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ತೊಟ್ಟಿಯಲ್ಲಿ ಚಪ್ಪಲಿ ಅದ್ದಬೇಕು. ಕಾಲುಬಾಯಿ ಜ್ವರ ಯಾರ ಕಾಲಿಗೆ ಅಂಟಿ ಬರುತ್ತದೆ ಎಂದು ಹೇಳಲಾಗದು.

ಈ ಗುಂಪಿನಲ್ಲಿ ಇಂಜಿನಿಯರಿಂಗ್ ಓದುವವರು ಒಂಬತ್ತು ಮಂದಿ ಇದ್ದರು, ನರ್ಸಿಂಗ್‌ನವರು ಐದು. ಅತ್ಯಂತ ಉಪಯೋಗಕ್ಕೆ ಬಂದವನು ಮಾತ್ರ ಐಟಿಐ ಮುಗಿಸಿ ಪ್ಲಂಬಿಂಗ್ ಕೆಲಸ ಮಾಡುವ ಹುಡುಗ. ಅಜ್ಜಿ ಬೊಳ್ಳಿಗೆ ದಿನಕ್ಕೆ ಎರಡೇ ಸಲ ನೀರು ಇಡುತ್ತಿದ್ದರು. ಬಾವಿಕಟ್ಟೆಯಿಂದ ಬಕೆಟ್ ಹೊರುವುದು ಅದಕ್ಕಿಂತ ಹೆಚ್ಚು ಅವರಿಂದ ಆಗುತ್ತಿರಲಿಲ್ಲ. ಹತ್ತು ಲೀಟರ್ ಹಾಲು ಕೊಡುವ ದನಕ್ಕೆ ಬೇಸಿಗೆಯಲ್ಲಿ 60ರಿಂದ 80 ಲೀಟರ್ ನೀರು ಬೇಕು. ಎರಡು ಬಕೆಟ್‌ನಲ್ಲಿ ಅದು ಮುಗಿಯುವುದಿಲ್ಲ. ಈ ಹುಡುಗ ಟ್ಯಾಂಕಿನಿಂದ ಅರ್ಧ ಇಂಚಿನ ಪೈಪು ಎಳೆದು, ಹಟ್ಟಿಯ ಮೂಲೆಯಲ್ಲಿ ಸಿಮೆಂಟ್ ತೊಟ್ಟಿ ಇಟ್ಟು, ತುಂಬಿದಾಗ ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್ ಕೂರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಪೈಪು ಮುಟ್ಟಿ ನೋಡಿ, "ಮಗಾ, ಮಧ್ಯಾಹ್ನ ಇದರಲ್ಲಿ ಬರುವುದು ಬಿಸಿನೀರು. ಬೊಳ್ಳಿ ಮೂಸಿಯೂ ನೋಡುವುದಿಲ್ಲ" ಎಂದರು. ಕಪ್ಪು ಪೈಪು, ಮೇಲೆ ಮೇ ತಿಂಗಳ ಬಿಸಿಲು. ನನಗಾಗಲಿ ಒಂಬತ್ತು ಮಂದಿ ಇಂಜಿನಿಯರುಗಳಿಗಾಗಲಿ ಹೊಳೆದಿರಲಿಲ್ಲ. ಪುನಃ ಕಿತ್ತು ಒಂದು ಗೇಣು ಆಳದ ಚಡಿಯಲ್ಲಿ ಹೂತು, ತೊಟ್ಟಿಯ ಮೇಲೆ ಅಡಿಕೆ ಸೋಗೆಯ ನೆರಳು ಮಾಡಿದರು. ನಿಮ್ಮಲ್ಲಿ ಪೈಪು ಎಳೆಯುವವರು ಇದ್ದರೆ ಈ ಮಾತು ನೆನಪಿಟ್ಟುಕೊಳ್ಳಿ.

ನೆಲದ ಕೆಲಸ ಮೂರು ಹಟ್ಟಿಗಳಲ್ಲಿ ಆಯಿತು. ಸಾಮಗ್ರಿ ಮನೆಯವರದ್ದು, ಮೇಸ್ತ್ರಿ ಊರಿನವರು, ಕಲ್ಲು ಮರಳು ಹೊತ್ತು ಕಲಸಿದ್ದು ಮಕ್ಕಳು. ಗೋದಲಿಯಿಂದ ಚರಂಡಿಯ ಕಡೆಗೆ ಐದು ಅಡಿಗೆ ಒಂದು ಇಂಚು ಇಳಿಜಾರು ಕೊಟ್ಟು, ಸಿಮೆಂಟ್ ಹಸಿ ಇರುವಾಗಲೇ ಗೆರೆ ಎಳೆದರು. ನುಣುಪು ನೆಲದಲ್ಲಿ ಜಾರಿ ಬಿದ್ದ ಗಬ್ಬದ ದನ ಏಳುವುದು ಎಷ್ಟು ಕಷ್ಟ ಎಂದು ಹೈನುಗಾರರಿಗೆ ಹೇಳಬೇಕಾಗಿಲ್ಲ. ಅಂದ ಹಾಗೆ, ನಾವು ಗೋದಲಿ ಎಂದಾಗಲೆಲ್ಲ ಮಕ್ಕಳು ನಗುತ್ತಿದ್ದರು. ಅವರಿಗೆ ಗೋದಲಿ ಎಂದರೆ ಕ್ರಿಸ್ಮಸ್‌ಗೆ ಬಾಲಯೇಸುವನ್ನು ಮಲಗಿಸುವ ಜಾಗ. ದನ ಹುಲ್ಲು ತಿನ್ನುವ ನಿಜವಾದ ಗೋದಲಿಯನ್ನು ಕೆಲವರು ಮೊದಲ ಸಲ ನೋಡಿದ್ದು ಇಲ್ಲಿ.

ಎಲ್ಲರೂ ಹಾಗಿರಲಿಲ್ಲ. ಭಾನುವಾರ ಸಂಜೆ, ತುಂಬ ಸಾಧು ದನವೊಂದನ್ನು ಆರಿಸಿ, ಮನೆಯವರು ಹಿಂಡಿ ಮುಗಿಸುವ ಮೊದಲು ಇಬ್ಬರಿಗೆ ಮಾತ್ರ ಹಿಂಡಿ ನೋಡಲು ಬಿಟ್ಟೆವು. ಮೊದಲು ಕೂತ ಹುಡುಗಿಯ ಕೈಗೆ ನಾಲ್ಕು ಹನಿ ಬಂತು. ಎರಡನೆಯವನು ಎರಡು ದಿನದಿಂದ ಹೆಚ್ಚು ಮಾತಿಲ್ಲದೆ ಸೆಗಣಿ ಹೊರುತ್ತಿದ್ದ ಹುಡುಗ. ಕೂತು, ಹೆಬ್ಬೆರಳು ಮಡಚದೆ ಮೊಲೆತೊಟ್ಟನ್ನು ಇಡೀ ಅಂಗೈಯಲ್ಲಿ ಹಿಡಿದು, ಎರಡೂ ಕೈಯಲ್ಲಿ ನೊರೆ ಬರುವಂತೆ ಹಿಂಡಿದ. ಎಲ್ಲರೂ ಸುಮ್ಮನಾದರು. ಅವನ ಮನೆ ಬಂಟ್ವಾಳದ ಕಡೆ. ಐದು ವರ್ಷದ ಹಿಂದಿನವರೆಗೆ ಮೂರು ದನಗಳಿದ್ದವಂತೆ. ತಂದೆಗೆ ಬೆನ್ನುನೋವು, ಇವನು ಮಂಗಳೂರಿನ ಕಾಲೇಜಿಗೆ ಸೇರಿದ, ಮಾರಿಬಿಟ್ಟರು. "ಕೊಟ್ಟ ದಿನ ನಾನು ಹಾಸ್ಟೆಲಿನಲ್ಲಿದ್ದೆ ಸರ್. ರಜೆಗೆ ಬಂದಾಗ ಹಟ್ಟಿಯಲ್ಲಿ ಬೈಕು ಇತ್ತು" ಎಂದ.

ಕೆಲಸದ ನಡುವೆ ಮಜವೂ ಬೇಕಷ್ಟು ಇತ್ತು. ಶನಿವಾರ ರಾತ್ರಿ ಗುಡುಗು ಮಳೆ ಬಂದು ಕರೆಂಟು ಹೋಯಿತು. ಸಭಾಭವನದಲ್ಲಿ ಮೊಂಬತ್ತಿ ಹಚ್ಚಿ ಗುಮಟೆ ಬಾರಿಸಿ ಕೊಂಕಣಿ ಹಾಡು ಶುರುವಾಯಿತು. ಸದ್ದು ಕೇಳಿ ಊರವರು ಕೊಡೆ ಹಿಡಿದು ಬಂದರು, ಬರುವಾಗ ಎರಡು ಹಲಸಿನ ಹಣ್ಣು ತಂದರು. ಕೊಂಕಣಿ ಮುಗಿದು ತುಳು ಬಂತು. ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತಿದ್ದ ಸಂಘದ ಅಧ್ಯಕ್ಷರು ಎದ್ದು ಒಂದು ಪಾಡ್ದನದ ಎರಡು ಸಾಲು ಹೇಳಿಯೇಬಿಟ್ಟರು. ಗಿಟಾರಿನ ಹುಡುಗ ಎಣ್ಣೆ ಹಚ್ಚದೆ ಹಲಸಿಗೆ ಕೈಹಾಕಿ, ಮೇಣ ಅಂಟಿಸಿಕೊಂಡು, ಮರುದಿನ ಮಧ್ಯಾಹ್ನದವರೆಗೆ ಗಿಟಾರು ಮುಟ್ಟಲಿಲ್ಲ.

ಭಾನುವಾರ ಊರಿನ ಫಾದರ್ ಬಲಿಪೂಜೆಯನ್ನು ಒಂದು ಗಂಟೆ ಮುಂದೆ ಹಾಕಿದರು. ಹಾಲು ಹಾಕಿ, ಕೈ ತೊಳೆದು ಬರುವವರಿಗೆ ಹೊತ್ತು ಬೇಕಲ್ಲ. ಮಧ್ಯಾಹ್ನ ಸಣ್ಣಾಂ ಮತ್ತು ಕೋಳಿಸಾರು. ಸಂಜೆ ಹಗ್ಗ ಜಗ್ಗಾಟ, ಸಂಘದ ನಿರ್ದೇಶಕರು ಒಂದು ಕಡೆ, ಮಕ್ಕಳು ಒಂದು ಕಡೆ. ದಿನಾ ದನ ಎಳೆಯುವವರ ಹತ್ತಿರ ಜಿಮ್ಮಿನ ಹುಡುಗರು ಎರಡೂ ಸಲ ಸೋತರು. ಹೊಳೆಯ ಸ್ನಾನಕ್ಕೆ ಮಾತ್ರ ನಾವು ಸ್ವಲ್ಪ ಗಟ್ಟಿಯಾದೆವು. ನೀರು ಮೊಣಕಾಲುದ್ದವಿದ್ದರೂ ಘಾಟಿಯ ಮೇಲೆ ಮೋಡ ಕಂಡರೆ ಯಾರೂ ಇಳಿಯುವಂತಿಲ್ಲ. ಮೇಲೆ ಸುರಿದ ಮಳೆ ಕೆಳಗೆ ಹೇಳದೆ ಬರುತ್ತದೆ. 2019 ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ, ನಗರದ ಮಕ್ಕಳಿಗೆ ವಿವರಿಸಬೇಕು.

ಇನ್ನು ಅಜ್ಜಿಯ ಹಾಲು. ದಿನಕ್ಕೆ ಇಬ್ಬರಂತೆ ಸರದಿ ಹಾಕಿಕೊಂಡರು. ಮೊದಲ ದಿನವೇ ಕಾಲುಸಂಕದ ಮೇಲೆ ಒಬ್ಬಳ ಕಾಲು ಜಾರಿ ಅರ್ಧ ಲೀಟರ್ ಚೆಲ್ಲಿತು. ಅಳುಮುಖ ಮಾಡಿಕೊಂಡು ಬಂದು ಹೇಳಿದವಳಿಗೆ ಅಜ್ಜಿ, "ಹೋಗಲಿ ಮಗಾ, ಹೊಳೆಯ ಮೀನಿಗೂ ಒಂದು ದಿನ ಹಾಲು ಬೇಡವಾ?" ಎಂದರು. ಸೋಮವಾರ ಬೆಳಗ್ಗೆ ನೇಪಿಯರ್ ತುಂಡು ಊರಿದೆವು. ಕೋ-4 ತಳಿ, ಸಾಲಿನಿಂದ ಸಾಲಿಗೆ ಮೂರು ಅಡಿ, ಬುಡದಿಂದ ಬುಡಕ್ಕೆ ಎರಡು ಅಡಿ, ಒಂದು ಗಿಣ್ಣು ಮಣ್ಣಿನೊಳಗೆ. ಮಧ್ಯಾಹ್ನ ಊಟದ ಹೊತ್ತಿಗೆ ಅಧ್ಯಕ್ಷೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಸರ್, ನಾಳೆ ಯಾರು ತರುತ್ತಾರೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳು ಹೋಗಿ ಊರಿನ ಚರ್ಚಿನ ಯುವಕರ ಹತ್ತಿರ ಮಾತಾಡಿದಳು. ಅಲ್ಲಿ ಉಳಿದಿರುವವರೇ ಏಳು ಮಂದಿ. ವಾಳೆಯ ಗುರಿಕಾರರ ಮಗ ಉಜಿರೆಗೆ ಬೈಕಿನಲ್ಲಿ ಕಾಲೇಜಿಗೆ ಹೋಗುತ್ತಾನೆ. ಅವನದ್ದೇ ಮನೆಯ ಹಾಲನ್ನು ಹೇಗೂ ಬೆಳಗ್ಗೆ ಸಂಘಕ್ಕೆ ತರಬೇಕು. ಮಳೆಗಾಲದಲ್ಲಿ ಕಾಲುಸಂಕ ಬೇಡ, ರಸ್ತೆಯಲ್ಲಿ ಸುತ್ತಿ ಹೋಗಿ ಅಜ್ಜಿಯ ಕ್ಯಾನನ್ನೂ ತರುತ್ತೇನೆ ಎಂದ. ಅಜ್ಜಿ ತಿಂಗಳಿಗೆ ಪೆಟ್ರೋಲಿಗೆಂದು ಸ್ವಲ್ಪ ಹಣ ಕೊಡುತ್ತಾರೆ. ಮೊದಲು ಬೇಡವೆಂದಿದ್ದ, "ಹಾಗಾದರೆ ನಾನೇ ನಡೆಯುತ್ತೇನೆ" ಎಂದು ಅಜ್ಜಿ ಹೇಳಿದ ಮೇಲೆ ತೆಗೆದುಕೊಂಡ. ಅವನಿಗೆ ಇನ್ನೊಂದು ವರ್ಷ ಓದಿದೆ. ಆಮೇಲೆ ಏನು ಎಂದು ಅವನಿಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ.

ಬಂಟ್ವಾಳದ ಹುಡುಗ ಜುಲೈಯಲ್ಲಿ ಫೋನು ಮಾಡಿದ್ದ. ಚೊಚ್ಚಲು ಕಡಸಿಗೆ ಈಗ ಎಷ್ಟಿದೆ, ಸಾಲ ಸಿಗುತ್ತದಾ, ಕರುವಿನಿಂದಲೇ ಸಾಕಿದರೆ ಎಷ್ಟು ವರ್ಷ ಹಿಡಿಯುತ್ತದೆ ಎಂದೆಲ್ಲ ಕೇಳಿದ. ಮನೆಯಲ್ಲಿ ತಂದೆ ಇನ್ನೂ ಒಪ್ಪಿಲ್ಲವಂತೆ. ಬೈಕನ್ನು ಎಲ್ಲಿ ಇಡುತ್ತೀ ಎಂದು ಕೇಳಿದ್ದಕ್ಕೆ ನಕ್ಕ.

ಮೊನ್ನೆ ಆ ಮಾರ್ಗದಲ್ಲಿ ಹೋದಾಗ ನೇಪಿಯರ್ ಮೊದಲ ಕೊಯ್ಲಿಗೆ ಬಂದಿತ್ತು. ಕಾಳಿ ಕರು ಹಾಕಿದೆ, ಹೆಣ್ಣುಕರು. ದಲ್ಲಾಳಿ ಮೂರನೆಯ ಸಲ ಬಂದು ಚಾ ಕುಡಿದು ಹೋದನಂತೆ. ಸಂಘದಲ್ಲಿ ಅಜ್ಜಿಯ ಪಾಸ್‌ಬುಕ್ ತೆರೆದು ನೋಡಿದೆ: ಆ ಬೆಳಗ್ಗೆ ಬೊಳ್ಳಿಯದ್ದು 6.2 ಲೀಟರ್, ಫ್ಯಾಟ್ 3.9.