ಆಲ್ಬುಮಿನ್ ಇಲ್ಲದ ನೆತ್ತರು

ನೆತ್ತರಿನಿಂದ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿಹಳದಿ ದ್ರವಕ್ಕೆ ಪ್ಲಾಸ್ಮಾ ಎಂದು ಹೆಸರು. ಅದರಲ್ಲಿರುವ ಪ್ರೋಟೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಬುಮಿನ್ ಎಂಬ ಒಂದೇ ಪ್ರೋಟೀನಿನದು. ಆರೋಗ್ಯವಂತರ ಒಂದು ಲೀಟರ್ ಪ್ಲಾಸ್ಮಾದಲ್ಲಿ ಅದು ಸುಮಾರು 35ರಿಂದ 50 ಗ್ರಾಂ ಇರುತ್ತದೆ. ಇಷ್ಟು ಮುಖ್ಯವಾದ ಪ್ರೋಟೀನು ಹುಟ್ಟಿನಿಂದಲೇ ಇಲ್ಲದಿದ್ದರೆ ಮನುಷ್ಯ ಬದುಕಬಲ್ಲನೆ? ಬದುಕಬಲ್ಲನು ಎಂಬುದಕ್ಕೆ ಅನಾಲ್ಬುಮಿನೀಮಿಯ ಎಂಬ ಅತಿ ವಿರಳವಾದ ಆನುವಂಶಿಕ ಸ್ಥಿತಿಯೇ ಸಾಕ್ಷಿ. ಇದು ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಇರಬಹುದೆಂದು ಅಂದಾಜು.

ಭಾಷೆಯ ವಿದ್ಯಾರ್ಥಿಗಳಿಗೆ ಈ ಹೆಸರೇ ಕುತೂಹಲಕರ. ಲ್ಯಾಟಿನ್ ಭಾಷೆಯಲ್ಲಿ ‘ಆಲ್ಬಸ್’ ಎಂದರೆ ಬಿಳಿ. ಅದರಿಂದ ಮೊಟ್ಟೆಯ ಬಿಳಿಯ ಭಾಗಕ್ಕೂ, ಮುಂದೆ ಈ ಪ್ರೋಟೀನಿಗೂ ಹೆಸರು ಬಂದಿತು. ಮೊದಲಿನ ‘ಅನ್’ ಗ್ರೀಕ್ ಭಾಷೆಯ ನಿಷೇಧಾರ್ಥಕ. ‘ಅನಂತ’, ‘ಅನುಪಮ’ ಎಂಬ ಸಂಸ್ಕೃತ ಪದಗಳಲ್ಲಿರುವ ‘ಅನ್’ ಅದರ ಒಡಹುಟ್ಟು. ಕೊನೆಯ ಭಾಗ ನೆತ್ತರು ಎಂಬರ್ಥದ ಗ್ರೀಕ್ ಪದದಿಂದ ಬಂದುದು. ‘ನೆತ್ತರಿನಲ್ಲಿ ಆಲ್ಬುಮಿನ್ ಇಲ್ಲದಿರುವಿಕೆ’ ಎಂಬುದು ಇಡೀ ಪದದ ಅರ್ಥ.

ಆಲ್ಬುಮಿನ್ನಿನ ಮುಖ್ಯ ಕೆಲಸಗಳು ಎರಡು. ಉಪ್ಪು ಹಾಕಿದ ಮಾವಿನಕಾಯಿ ಹೋಳುಗಳು ನೀರು ಬಿಡುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಉಪ್ಪು ನೀರನ್ನು ಸೆಳೆಯುವಂತೆ, ನೆತ್ತರಿನಲ್ಲಿ ಪ್ರೋಟೀನುಗಳು ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತವೆ. ಈ ಸೆಳೆತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಆಲ್ಬುಮಿನ್ನಿನದೇ. ಅದು ತಗ್ಗಿದರೆ ನೀರು ಹೊರಕ್ಕೆ ಒಸರಿ ಕಾಲು, ಮುಖಗಳಲ್ಲಿ ಬಾವು ಕಾಣಿಸುತ್ತದೆ. ಎರಡನೆಯದು ಹೊರೆ ಹೊರುವ ಕೆಲಸ: ಕೊಬ್ಬಿನಾಮ್ಲ, ಪಿತ್ತದ ಬಣ್ಣವಾದ ಬಿಲಿರುಬಿನ್, ಕ್ಯಾಲ್ಸಿಯಂ ಮತ್ತು ಅನೇಕ ಔಷಧಗಳು ಆಲ್ಬುಮಿನ್ನಿಗೆ ಅಂಟಿಕೊಂಡೇ ದೇಹದಲ್ಲಿ ಸಂಚರಿಸುತ್ತವೆ.

ಆದುದರಿಂದಲೇ 1954ರಲ್ಲಿ ಜರ್ಮನಿಯ ವೈದ್ಯ ಬೆನ್‌ಹೋಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿ ಅಚ್ಚರಿಯನ್ನುಂಟುಮಾಡಿತು. ಅವರ ಪರೀಕ್ಷೆಗೆ ಬಂದ ಮಹಿಳೆಯ ನೆತ್ತರಿನಲ್ಲಿ ಆಲ್ಬುಮಿನ್ ಇರಲಿಲ್ಲ. ಆದರೂ ಹೇಳಿಕೊಳ್ಳುವಂತಹ ಕಾಯಿಲೆಯ ಲಕ್ಷಣಗಳಿರಲಿಲ್ಲ. ಆಕೆಯ ಸಹೋದರನಿಗೂ ಇದೇ ಸ್ಥಿತಿ ಇತ್ತು. ಇಬ್ಬರ ಆರೋಗ್ಯವನ್ನೂ ವೈದ್ಯರು ದಶಕಗಳ ಕಾಲ ಗಮನಿಸುತ್ತ ಬಂದರು.

ದೇಹ ಈ ಕೊರತೆಯನ್ನು ಹೇಗೆ ತಾಳಿಕೊಳ್ಳುತ್ತದೆ? ಗ್ಲೋಬ್ಯುಲಿನ್ ಮೊದಲಾದ ಇತರ ಪ್ರೋಟೀನುಗಳು ಹೆಚ್ಚಾಗಿ, ನೀರನ್ನು ಹಿಡಿದಿಡುವ ಕೆಲಸವನ್ನು ಒಂದಷ್ಟು ವಹಿಸಿಕೊಳ್ಳುತ್ತವೆ. ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವೂ ತಗ್ಗುವುದರಿಂದ ನೀರು ಹೊರಕ್ಕೆ ನುಗ್ಗುವುದು ಕಡಿಮೆಯಾಗುತ್ತದೆ. ಹೀಗಾಗಿ ಬೆಳೆದವರಲ್ಲಿ ಸಾಮಾನ್ಯವಾಗಿ ಕಾಣುವುದು ಸ್ವಲ್ಪ ಬಾವು, ಆಯಾಸ, ತುಸು ಕಡಿಮೆ ರಕ್ತದೊತ್ತಡ ಇಷ್ಟೇ.

ಆದರೆ ಈ ಹೊಂದಾಣಿಕೆಗೆ ಬೆಲೆಯೂ ಉಂಟು. ಹೆಚ್ಚಾಗುವ ಪ್ರೋಟೀನುಗಳಲ್ಲಿ ಕೊಬ್ಬನ್ನು ಹೊರುವಂಥವೂ ಸೇರಿರುವುದರಿಂದ ಕೊಲೆಸ್ಟರಾಲ್ ಬಹಳ ಏರುತ್ತದೆ. ಹೃದಯದ ಹಿತಕ್ಕಾಗಿ ಅದರ ಮೇಲೆ ಸದಾ ಕಣ್ಣಿಡಬೇಕು. ಕೆಲವು ಮಹಿಳೆಯರಲ್ಲಿ ಸೊಂಟದಿಂದ ಕೆಳಗೆ ಕೊಬ್ಬು ಅಸಹಜವಾಗಿ ಶೇಖರವಾಗುತ್ತದೆ. ನಿಜವಾದ ಅಪಾಯವಿರುವುದು ಬದುಕಿನ ಆರಂಭದಲ್ಲಿ. ಗರ್ಭದಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ಹುಟ್ಟಿದ ಮೇಲೆ ಶ್ವಾಸಕೋಶದ ಸೋಂಕು ಪ್ರಾಣಕ್ಕೇ ಎರವಾಗಬಹುದು. ದಡ ಮುಟ್ಟಿದವರನ್ನು ಮಾತ್ರ ಕಂಡು ಇದನ್ನು ನಿರಪಾಯವೆಂದು ಎಣಿಸುವುದು ತಪ್ಪು.

ರೋಗನಿರ್ಣಯವೂ ಸುಲಭವಲ್ಲ. ಆಲ್ಬುಮಿನ್ ತಗ್ಗಿದಾಗ ವೈದ್ಯರು ಮೊದಲು ಶಂಕಿಸುವುದು ಮೂತ್ರಪಿಂಡ, ಯಕೃತ್ತು, ಕರುಳುಗಳನ್ನು. ಅವೆಲ್ಲ ಸರಿಯಿದೆಯೆಂದು ಖಚಿತವಾದ ಬಳಿಕ, ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ನೋಡುವ ಪರೀಕ್ಷೆಯಲ್ಲಿ ಆಲ್ಬುಮಿನ್ನಿನ ಪಟ್ಟೆಯೇ ಕಾಣದಿದ್ದಾಗ ಸಂಗತಿ ಹೊಳೆಯುತ್ತದೆ. ಜೀನ್ ಪರೀಕ್ಷೆ ಅದನ್ನು ದೃಢಪಡಿಸುತ್ತದೆ. ಅಲ್ಲಿಂದ ಮುಂದೆ ಆ ವ್ಯಕ್ತಿ ಯಾವ ವೈದ್ಯರ ಬಳಿ ಹೋದರೂ ಈ ವಿಷಯವನ್ನು ತಿಳಿಸಬೇಕಾಗುತ್ತದೆ. ಆಲ್ಬುಮಿನ್ನಿಗೆ ಅಂಟಿಕೊಳ್ಳುವ ಔಷಧಗಳು ಇವರ ದೇಹದಲ್ಲಿ ಬೇರೆ ರೀತಿಯಲ್ಲಿ ವರ್ತಿಸಬಹುದು.

ಆಲ್ಬುಮಿನ್ನಿನ ಜೀನ್ ಇರುವುದು ನಾಲ್ಕನೆಯ ವರ್ಣತಂತುವಿನಲ್ಲಿ. ತಂದೆಯಿಂದಲೂ ತಾಯಿಯಿಂದಲೂ ದೋಷವುಳ್ಳ ಪ್ರತಿಯೇ ಬಂದಾಗ ಮಾತ್ರ ಮಗುವಿಗೆ ಈ ಸ್ಥಿತಿ ಒದಗುತ್ತದೆ. ತಂದೆತಾಯಿಗಳಿಬ್ಬರೂ ಒಂದೊಂದು ದೋಷದ ಪ್ರತಿಯನ್ನು ಹೊಂದಿದ್ದರೆ ಪ್ರತಿ ಬಸಿರಿನಲ್ಲಿಯೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಅವರಿಬ್ಬರೂ ಆರೋಗ್ಯವಾಗಿಯೇ ಇರುವುದರಿಂದ ಇದು ಮೊದಲೇ ತಿಳಿಯುವುದಿಲ್ಲ. ಹತ್ತಿರದ ನೆಂಟರಲ್ಲಿ ಒಂದೇ ದೋಷ ಇರುವ ಸಂಭವ ಹೆಚ್ಚು. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ವರಿಸುವ ರೂಢಿಯುಳ್ಳ ದಕ್ಷಿಣ ಭಾರತದ ಮನೆತನಗಳು ಮದುವೆಗೆ ಮುನ್ನ ಇದನ್ನು ಅರಿತಿರುವುದು ಒಳ್ಳೆಯದು. ಇಂತಹ ಮಗು ಹುಟ್ಟಿದಾಗ ತಾಯಿಯನ್ನಾಗಲಿ ತಂದೆಯನ್ನಾಗಲಿ ದೂಷಿಸುವುದಕ್ಕೆ ಆಧಾರವಿಲ್ಲ. ಆ ಮಗುವಿಗೆ ಬೇಕಾದುದು ಶೈಶವದಲ್ಲಿ ಎಚ್ಚರದ ಆರೈಕೆ ಮತ್ತು ಆ ಬಳಿಕ ತಪ್ಪದ ತಪಾಸಣೆ.