ಚೌಕದೊಳಗೊಂದು ವಿಳಾಸ

ಕಳೆದ ತಿಂಗಳು ಒಂದು ಶಾಲೆಗೆ ಹೋಗಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ಮಡಿಕೆ ಮಾಡಿದ್ದ ಕರಪತ್ರವೊಂದನ್ನು ತಂದು ತೋರಿಸಿದಳು. ಊರ ಜಾತ್ರೆಯಲ್ಲಿ ಯಾರೋ ಹಂಚಿದ್ದಂತೆ. ಸೀರೆ ಅಂಗಡಿಯ ಜಾಹೀರಾತು. ಅಂಗಡಿಯ ಹೆಸರಿತ್ತು, ಬಣ್ಣಬಣ್ಣದ ಸೀರೆಗಳ ಚಿತ್ರವಿತ್ತು, ಮೂಲೆಯಲ್ಲಿ ಕಪ್ಪು ಬಿಳಿ ಚುಕ್ಕಿಗಳ ಒಂದು ಚೌಕವಿತ್ತು. "ಸರ್, ಅಂಗಡಿ ಎಲ್ಲಿದೆ ಅಂತಾನೇ ಇದರಲ್ಲಿ ಬರೆದಿಲ್ಲ. ಮರೆತುಬಿಟ್ರಾ?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ಆದರೆ ಅವರು ಮರೆತಿರಲಿಲ್ಲ. ವಿಳಾಸ ಅಲ್ಲಿಯೇ ಇತ್ತು, ಆ ಚೌಕದೊಳಗೆ. ನಮ್ಮ ಕಣ್ಣಿಗೆ ಓದಲು ಬಾರದ ಲಿಪಿಯಲ್ಲಿ ಬರೆದಿತ್ತು, ಅಷ್ಟೆ. ಆ ಅಂಗಡಿ ಯಾವ ಬೀದಿಯಲ್ಲೂ ಇಲ್ಲ. ಅದು ಅಂತರಜಾಲದಲ್ಲಿರುವ ಅಂಗಡಿ. ಕೈಯಲ್ಲಿರುವ ಕಾಗದದಿಂದ ಆ ಅಂಗಡಿಯ ಬಾಗಿಲಿಗೆ ಕರೆದೊಯ್ಯುವುದೇ ಈ ಚೌಕದ ಕೆಲಸ. ಇದನ್ನು ಕ್ಯೂಆರ್ ಕೋಡ್ ಎನ್ನುತ್ತಾರೆ. ಕ್ವಿಕ್ ರೆಸ್ಪಾನ್ಸ್, ಅಂದರೆ ಬೇಗನೆ ಸಿಗುವ ಉತ್ತರ ಎಂಬುದರ ಚಿಕ್ಕ ರೂಪ ಅದು. ಬಿಸ್ಕತ್ತಿನ ಪೊಟ್ಟಣದ ಮೇಲೆ, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ, ನಿಮ್ಮ ಪಠ್ಯಪುಸ್ತಕದಲ್ಲಿ ಇದನ್ನು ನೀವು ನೋಡಿಯೇ ಇರುತ್ತೀರಿ.

ಚೌಕದೊಳಗೆ ಬರೆಯುವುದು ಹೇಗೆ? ಗಣಕಯಂತ್ರಕ್ಕೆ ಗೊತ್ತಿರುವುದು ಎರಡೇ ಅಂಕಿಗಳು, 0 ಮತ್ತು 1. ಪ್ರತಿಯೊಂದು ಅಕ್ಷರಕ್ಕೂ ಈ ಎರಡೇ ಅಂಕಿಗಳಿಂದಾದ ಒಂದು ಸಂಕೇತವಿದೆ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 01000001. ಇಲ್ಲಿ 0 ಇರುವಲ್ಲಿ ಬಿಳಿ ಕೋಶ, 1 ಇರುವಲ್ಲಿ ಕಪ್ಪು ಕೋಶ ಇಡುತ್ತಾ ಹೋಗಿ. ಎಂಟು ಕೋಶಗಳಲ್ಲಿ ಒಂದು ಅಕ್ಷರ ಮುಗಿಯಿತು. ಹೀಗೆಯೇ ಇಡೀ ವಿಳಾಸ. ಆದರೆ ಪುಸ್ತಕದ ಚೌಕದಲ್ಲಿ ಈ ಎಂಟು ಕೋಶಗಳ ಸಾಲನ್ನು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಒಂದೇ ಕಡೆ ಕಪ್ಪು ಕೋಶಗಳೆಲ್ಲ ಗುಂಪುಗೂಡಿದರೆ ಕ್ಯಾಮೆರಾಕ್ಕೆ ಗೊಂದಲವಾಗುತ್ತದೆ. ಅದಕ್ಕಾಗಿ ಒಂದು ನಿಯಮದ ಪ್ರಕಾರ ಕೆಲವು ಕಪ್ಪುಗಳನ್ನು ಬಿಳಿಯಾಗಿ, ಕೆಲವು ಬಿಳಿಗಳನ್ನು ಕಪ್ಪಾಗಿ ಬದಲಿಸಿರುತ್ತಾರೆ. ಅಂಥ ನಿಯಮಗಳು ಎಂಟು ಇವೆ. ಯಾವ ನಿಯಮ ಬಳಸಿದೆ ಎಂಬುದನ್ನೂ ಚೌಕದಲ್ಲಿಯೇ ಬರೆದಿರುತ್ತಾರೆ.

ಇದು ಹುಟ್ಟಿದ್ದು ಜಾಹೀರಾತಿಗಾಗಿ ಅಲ್ಲ, ಕಾರ್ಖಾನೆಯ ಕೆಲಸಗಾರರ ಬೇಸರ ಕಳೆಯಲು! ನಮ್ಮ ಬಿಡದಿಯಲ್ಲಿ ಟೊಯೋಟ ಕಾರು ತಯಾರಾಗುತ್ತದಲ್ಲ, ಅದೇ ಗುಂಪಿಗೆ ಸೇರಿದ ಡೆನ್ಸೊ ಎಂಬ ಕಂಪನಿ ಜಪಾನಿನಲ್ಲಿದೆ. ಕಾರಿನ ಬಿಡಿಭಾಗಗಳ ಪೆಟ್ಟಿಗೆಗಳ ಮೇಲೆ ಉದ್ದುದ್ದ ಗೆರೆಗಳ ಬಾರ್‌ಕೋಡ್ ಅಂಟಿಸುತ್ತಿದ್ದರು. ಒಂದು ಬಾರ್‌ಕೋಡಿನಲ್ಲಿ ಹಿಡಿಯುವುದು ಸುಮಾರು 20 ಅಕ್ಷರ ಮಾತ್ರ. ಹಾಗಾಗಿ ಒಂದೇ ಪೆಟ್ಟಿಗೆಗೆ ಹಲವು ಬಾರ್‌ಕೋಡ್. ಕೆಲಸಗಾರರು ದಿನವಿಡೀ ಒಂದೊಂದನ್ನೇ ಓದಿಸುತ್ತಾ ಸುಸ್ತಾಗುತ್ತಿದ್ದರು. ಇದಕ್ಕೆ ಪರಿಹಾರ ಹುಡುಕಲು ಹೊರಟವರು ಮಸಾಹಿರೊ ಹಾರಾ ಎಂಬ ಎಂಜಿನಿಯರ್. ಅವರಿಗೆ 'ಗೋ' ಎಂಬ ಆಟದ ಹುಚ್ಚು. ನಮ್ಮ ಆಡು-ಹುಲಿ ಆಟದ ಹಾಗೆ ಗೆರೆಗಳು ಕೂಡುವಲ್ಲಿ ಕಾಯಿ ಇಡುವ ಆಟ ಅದು. ಕಾಯಿಗಳ ಬಣ್ಣ ಕಪ್ಪು ಮತ್ತು ಬಿಳಿ. ಬಾರ್‌ಕೋಡಿನಲ್ಲಿ ಮಾಹಿತಿ ಅಡ್ಡಕ್ಕೆ ಮಾತ್ರ ಇರುತ್ತದೆ. ಗೋ ಹಲಗೆಯಂತೆ ಅಡ್ಡಕ್ಕೂ ಉದ್ದಕ್ಕೂ ಬರೆದರೆ? 1994ರಲ್ಲಿ ಕ್ಯೂಆರ್ ಕೋಡ್ ಸಿದ್ಧವಾಯಿತು. ಕಂಪನಿ ಅದರ ಪೇಟೆಂಟ್ ಪಡೆದರೂ ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಜಗತ್ತಿನ ಮೂಲೆಮೂಲೆಗೂ ಇದು ತಲುಪಲು ಈ ಔದಾರ್ಯವೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಚೌಕದ ಮೂರು ಮೂಲೆಗಳಲ್ಲಿ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಂಥ ಗುರುತುಗಳಿವೆ. ಗಮನಿಸಿದ್ದೀರಾ? ಅವು ಏಕೆ? ಕರಪತ್ರದ ಮೇಲೆ ಅಕ್ಷರಗಳಿರುತ್ತವೆ, ಚಿತ್ರಗಳಿರುತ್ತವೆ. ಅವುಗಳ ನಡುವೆ ಕೋಡ್ ಎಲ್ಲಿದೆ ಎಂದು ಕ್ಯಾಮೆರಾ ಹುಡುಕಬೇಕು. ಹಾರಾ ಅವರ ತಂಡ ಪತ್ರಿಕೆ, ಕರಪತ್ರ, ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಮುಂದೆ ಹರಡಿಕೊಂಡು, ಮುದ್ರಣದಲ್ಲಿ ಕಪ್ಪು ಬಿಳಿಗಳ ಯಾವ ಪ್ರಮಾಣ ಅತ್ಯಂತ ಅಪರೂಪ ಎಂದು ಅಳೆಯಿತು. ಸಿಕ್ಕ ಉತ್ತರ 1:1:3:1:1. ಮೂಲೆಯ ಪೆಟ್ಟಿಗೆಯ ನಟ್ಟನಡುವೆ ಗೆರೆ ಎಳೆದು ನೋಡಿ. ಕಪ್ಪು ಒಂದು ಪಾಲು, ಬಿಳಿ ಒಂದು, ಕಪ್ಪು ಮೂರು, ಬಿಳಿ ಒಂದು, ಕಪ್ಪು ಒಂದು. ಈ ಪ್ರಮಾಣ ಮೂರು ಕಡೆ ಕಂಡರೆ ಸಾಕು, ಇದು ಕ್ಯೂಆರ್ ಕೋಡ್ ಎಂದು ಫೋನಿಗೆ ತಿಳಿಯುತ್ತದೆ. ನಾಲ್ಕನೇ ಮೂಲೆ ಖಾಲಿ ಇರುವುದರಿಂದ ಯಾವುದು ಮೇಲೆ, ಯಾವುದು ಕೆಳಗೆ ಎಂಬುದೂ ತಿಳಿಯುತ್ತದೆ. ಕರಪತ್ರವನ್ನು ತಲೆಕೆಳಗಾಗಿ ಹಿಡಿದರೂ ತೊಂದರೆಯಿಲ್ಲ.

ಆ ಹುಡುಗಿ ತಂದಿದ್ದ ಕಾಗದ ಮಡಿಕೆ ಬಿದ್ದು, ಎಣ್ಣೆ ಕಲೆಯಾಗಿತ್ತು. ಆದರೂ ನನ್ನ ಫೋನ್ ಅದನ್ನು ಓದಿತು. ಹೇಗೆ? ಒಂದು ಚಿಕ್ಕ ಲೆಕ್ಕದಿಂದ ಅರ್ಥ ಮಾಡಿಕೊಳ್ಳೋಣ. ನಾನು ನಿಮಗೆ 7, 5, 8 ಎಂಬ ಮೂರು ಸಂಖ್ಯೆಗಳನ್ನು ಕಳಿಸುತ್ತೇನೆ. ಜೊತೆಗೆ ಅವುಗಳ ಮೊತ್ತ 20 ಎಂಬುದನ್ನೂ ಬರೆದಿರುತ್ತೇನೆ. ದಾರಿಯಲ್ಲಿ ನೀರು ಬಿದ್ದು 5 ಅಳಿಸಿಹೋಯಿತು. ನೀವು ಕಂಗಾಲಾಗಬೇಕಿಲ್ಲ. 20ರಲ್ಲಿ 7 ಮತ್ತು 8 ಕಳೆದರೆ 5 ಮತ್ತೆ ಸಿಗುತ್ತದೆ. ಕ್ಯೂಆರ್ ಕೋಡಿನಲ್ಲೂ ವಿಳಾಸದ ಜೊತೆಗೆ ಇಂಥ ಹೆಚ್ಚುವರಿ ಸಂಖ್ಯೆಗಳನ್ನು ತುಂಬಿರುತ್ತಾರೆ. ಲೆಕ್ಕ ಮಾತ್ರ ಇದಕ್ಕಿಂತ ಬಹಳ ಜಾಣತನದ್ದು. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಅಮೆರಿಕದ ಇಬ್ಬರು ಗಣಿತಜ್ಞರು ಕಂಡುಹಿಡಿದದ್ದು. ಎಷ್ಟು ಹೆಚ್ಚುವರಿ ಸಂಖ್ಯೆ ಸೇರಿಸಬೇಕೆಂಬುದಕ್ಕೆ ನಾಲ್ಕು ಹಂತಗಳಿವೆ. ಮೊದಲ ಹಂತದಲ್ಲಿ ಸುಮಾರು ನೂರಕ್ಕೆ 7ರಷ್ಟು, ಕೊನೆಯ ಹಂತದಲ್ಲಿ ಸುಮಾರು ನೂರಕ್ಕೆ 30ರಷ್ಟು ಮಾಹಿತಿ ಹಾಳಾದರೂ ಸರಿಪಡಿಸಿಕೊಳ್ಳಬಹುದು. ಕೆಲವು ಕಂಪನಿಗಳು ಚೌಕದ ನಡುವೆ ಧೈರ್ಯವಾಗಿ ತಮ್ಮ ಚಿಹ್ನೆ ಅಚ್ಚು ಹಾಕುವುದು ಇದೇ ನಂಬಿಕೆಯಿಂದ.

ಇನ್ನು ಅಂಗಡಿಗೆ ಬರೋಣ. 2002ರಲ್ಲಿ ಜಪಾನಿನಲ್ಲಿ ಕ್ಯೂಆರ್ ಕೋಡ್ ಓದುವ ಮೊಬೈಲ್ ಫೋನ್ ಬಂದಿತು. ಕಾರ್ಖಾನೆಯೊಳಗಿದ್ದ ಚೌಕ ಬೀದಿಗೆ ಬಂದದ್ದು ಹಾಗೆ. ಅಂಗಡಿಯೇ ಗೋಡೆಗೆ ಅಂಟಿಕೊಂಡ ಒಂದು ಪ್ರಸಂಗ ಮಾತ್ರ ನಡೆದದ್ದು 2011ರಲ್ಲಿ, ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ. ಅಲ್ಲಿ ಹೋಮ್‌ಪ್ಲಸ್ ಎಂಬ ದೊಡ್ಡ ದಿನಸಿ ಕಂಪನಿ ಇತ್ತು. ಅದರ ಎದುರಾಳಿ ಕಂಪನಿಗೆ ಇನ್ನೂ ಹೆಚ್ಚು ಮಳಿಗೆಗಳು. ಹೊಸ ಮಳಿಗೆ ತೆರೆಯದೆ ವ್ಯಾಪಾರ ಹೆಚ್ಚಿಸುವುದು ಹೇಗೆಂದು ಹೋಮ್‌ಪ್ಲಸ್ ಯೋಚಿಸಿತು. ಬೆಳಗ್ಗೆ ಕೆಲಸಕ್ಕೆ ಹೊರಟು ರಾತ್ರಿ ದಣಿದು ಬರುವವರಿಗೆ ಅಂಗಡಿಗೆ ಹೋಗಲು ಪುರುಸೊತ್ತೆಲ್ಲಿ? ಆದರೆ ಅವರು ದಿನವೂ ರೈಲಿಗಾಗಿ ಕಾಯುತ್ತಾ ನಿಲ್ಲುತ್ತಾರಲ್ಲ! ಸೊಲ್ಲುಂಗ್ ಎಂಬ ಭೂಗತ ರೈಲು ನಿಲ್ದಾಣದಲ್ಲಿ ಅಂಗಡಿಯ ಕಪಾಟುಗಳ ಚಿತ್ರಗಳನ್ನು ನಿಜವಾದ ಅಳತೆಯಲ್ಲೇ ಅಂಟಿಸಿದರು. ಹಾಲು, ಹಣ್ಣು, ತರಕಾರಿ, ಎಲ್ಲವೂ ಚಿತ್ರವೇ. ಪ್ರತಿ ವಸ್ತುವಿನ ಜೊತೆಗೆ ಒಂದು ಕೋಡ್. ಬೇಕಾದದ್ದರ ಮೇಲೆ ಫೋನ್ ಹಿಡಿದರೆ ಅದು ಫೋನಿನಲ್ಲಿರುವ ಚೀಲಕ್ಕೆ ಬೀಳುತ್ತಿತ್ತು. ಹಣ ಕಟ್ಟಿ ರೈಲು ಹತ್ತಿದರೆ ಸಾಮಾನು ಮನೆಗೆ ಬರುತ್ತಿತ್ತು. ಕಪಾಟು ಕಾಗದದ್ದು, ಸಾಮಾನು ದೂರದ ಉಗ್ರಾಣದಲ್ಲಿ. ಎರಡನ್ನೂ ಜೋಡಿಸಿದ್ದು ಚುಕ್ಕಿಗಳ ಚೌಕ.

ಇಲ್ಲಿ ಇನ್ನೊಂದು ಜಾಣತನವಿದೆ. ಅಂಗಡಿಯವರು ಜಾತ್ರೆಯಲ್ಲಿ ಕರಪತ್ರ ಹಂಚುತ್ತಾರೆ, ಬಸ್ ನಿಲ್ದಾಣದಲ್ಲಿ ಪೋಸ್ಟರ್ ಅಂಟಿಸುತ್ತಾರೆ, ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾರೆ. ಮೂರಕ್ಕೂ ದುಡ್ಡು ಖರ್ಚಾಗಿದೆ. ಗಿರಾಕಿ ಬಂದದ್ದು ಯಾವುದರಿಂದ? ಹಿಂದೆ ಇದನ್ನು ತಿಳಿಯುವುದು ಕಷ್ಟವಿತ್ತು. ಈಗ ಮೂರಕ್ಕೂ ಬೇರೆ ಬೇರೆ ಚೌಕ ಮುದ್ರಿಸುತ್ತಾರೆ. ಮೂರರಲ್ಲೂ ಅದೇ ಅಂಗಡಿಯ ವಿಳಾಸವಿರುತ್ತದೆ, ಕೊನೆಯಲ್ಲಿ ಒಂದು ಗುರುತಿನ ಪದ ಮಾತ್ರ ಬೇರೆ. ನಾವು ಓದಿಸಿದ ಕರಪತ್ರದಲ್ಲಿ ವಿಳಾಸದ ಬಾಲಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ 'ಜಾತ್ರೆ' ಎಂದೇ ಇತ್ತು! "ಹಾಗಾದ್ರೆ ಇದನ್ನ ಜಾತ್ರೆಯಲ್ಲಿ ತಗೊಂಡವರು ನೋಡ್ತಿದ್ದಾರೆ ಅಂತ ಅವರಿಗೆ ಗೊತ್ತಾಯ್ತಾ?" ಎಂದು ಹುಡುಗಿ ಹುಬ್ಬೇರಿಸಿದಳು. ಹೌದು, ಗೊತ್ತಾಯಿತು. ನೀವು ಅಂಗಡಿ ನೋಡುತ್ತಿದ್ದೀರಿ ಎಂದುಕೊಳ್ಳುವಾಗ ಅಂಗಡಿಯೂ ನಿಮ್ಮನ್ನು ಎಣಿಸಿಕೊಂಡಿರುತ್ತದೆ.

ವಿಳಾಸ ಉದ್ದವಾದಷ್ಟೂ ಕೋಶಗಳು ಹೆಚ್ಚುತ್ತವೆ, ಚೌಕ ಒತ್ತೊತ್ತಾಗುತ್ತದೆ, ದೂರದಿಂದ ಓದುವುದು ಕಷ್ಟವಾಗುತ್ತದೆ. ಚೌಕದ ಅಗಲದ ಸುಮಾರು ಹತ್ತರಷ್ಟು ದೂರದಿಂದ ಓದಬಹುದು ಎಂಬುದು ಮುದ್ರಕರ ಅಂದಾಜು. ಪೊಟ್ಟಣದ ಮೇಲೆ 2 ಸೆಂಟಿಮೀಟರ್ ಸಾಕು, 3 ಮೀಟರ್ ದೂರದ ಗೋಡೆಯ ಮೇಲಾದರೆ 30 ಸೆಂಟಿಮೀಟರ್ ಬೇಕು. ಅದಕ್ಕಾಗಿ ಎಷ್ಟೋ ಜನ ಉದ್ದದ ವಿಳಾಸದ ಬದಲು ಒಂದು ಚಿಕ್ಕ ಮಧ್ಯದ ವಿಳಾಸ ಮುದ್ರಿಸುತ್ತಾರೆ. ಕಾಗದ ಬರೆಯುವ ಕಾಲದಲ್ಲಿ ಪರಊರಿನಲ್ಲಿದ್ದವರು 'ಕೇರಾಫ್' ವಿಳಾಸ ಕೊಡುತ್ತಿದ್ದರಲ್ಲ, ಹಾಗೆ. ಮನೆ ಬದಲಿಸಿದರೂ ಕೇರಾಫ್‌ನವರಿಗೆ ತಿಳಿಸಿದರೆ ಸಾಕಿತ್ತು. ಅಚ್ಚಾದ ಚೌಕವನ್ನು ತಿದ್ದಲಾಗದು, ಆದರೆ ಅದು ಎಲ್ಲಿಗೆ ಕರೆದೊಯ್ಯಬೇಕೆಂಬುದನ್ನು ತಿದ್ದಬಹುದು.

ತೊಂದರೆ ಇರುವುದೂ ಇಲ್ಲಿಯೇ. ಜಾಲ ವಿಳಾಸವೆಂದರೆ ಬಾಡಿಗೆ ಮನೆಯ ಹಾಗೆ. ಕಾಲಕಾಲಕ್ಕೆ ಹಣ ಕಟ್ಟದಿದ್ದರೆ ಅದು ಬೇರೆಯವರ ಪಾಲಾಗುತ್ತದೆ. ಜರ್ಮನಿಯಲ್ಲಿ ಹೈಂಜ್ ಕಂಪನಿ ತನ್ನ ಟೊಮೆಟೊ ಕೆಚಪ್ ಬಾಟಲಿಗಳ ಮೇಲೆ ಒಂದು ಸ್ಪರ್ಧೆಗಾಗಿ ಕ್ಯೂಆರ್ ಕೋಡ್ ಮುದ್ರಿಸಿತ್ತು. ಸ್ಪರ್ಧೆ ಮುಗಿಯಿತು, ವಿಳಾಸದ ಅವಧಿಯೂ ಮುಗಿಯಿತು. ಅದನ್ನು ಬೇರೆ ಯಾರೋ ಕೊಂಡರು. 2015ರಲ್ಲಿ ಗಿರಾಕಿಯೊಬ್ಬರು ಮನೆಯಲ್ಲಿದ್ದ ಬಾಟಲಿಯ ಕೋಡ್ ಓದಿಸಿದಾಗ, ಕಂಪನಿಗೆ ಸಂಬಂಧವೇ ಇಲ್ಲದ, ಯಾರೂ ನೋಡಬಾರದಂಥ ತಾಣ ತೆರೆದುಕೊಂಡಿತು. ಕಂಪನಿ ಕ್ಷಮೆ ಕೇಳಬೇಕಾಯಿತು. ಬಾಟಲಿ ಅಸಲಿ, ಕೋಡ್ ಅಸಲಿ, ಮುದ್ರಣದಲ್ಲೂ ತಪ್ಪಿಲ್ಲ. ಆ ವಿಳಾಸದ ಮನೆಯಲ್ಲಿ ವಾಸವಿದ್ದವರು ಬದಲಾಗಿದ್ದರು.

ಬೇಕೆಂದೇ ಮೋಸ ಮಾಡುವವರೂ ಇದ್ದಾರೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಹಲವು ಅಂಗಡಿಗಳ ಹಣ ಪಡೆಯುವ ಚೌಕಗಳ ಮೇಲೆ ರಾತ್ರೋರಾತ್ರಿ ಬೇರೆ ಚೌಕ ಅಂಟಿಸಿದ್ದರು. ಗಿರಾಕಿಗಳು ಕೊಟ್ಟ ಹಣ ಬೇರೆಯವರ ಖಾತೆ ಸೇರಿತು. ಅಂಗಡಿಯ ಫಲಕದ ಮೇಲೆ ಬೇರೆಯವರ ಹೆಸರು ಬರೆದರೆ ಎಂಥ ಮಗುವೂ ಹಿಡಿದುಬಿಡುತ್ತದೆ. ಚೌಕ ಬದಲಾದರೆ? ಎರಡೂ ನಮ್ಮ ಕಣ್ಣಿಗೆ ಒಂದೇ ಥರ ಕಾಣುತ್ತವೆ.

ಹಾಗಾಗಿ ಫೋನ್ ಓದಿದ ಮೇಲೆ ನೀವು ಓದಬೇಕು. ಕ್ಯಾಮೆರಾ ಹಿಡಿದ ಕೂಡಲೇ ಪರದೆಯ ಮೇಲೆ ಒಂದು ವಿಳಾಸ ಮೂಡುತ್ತದೆ. ಅವಸರದಿಂದ ಒತ್ತಬೇಡಿ. ಕರಪತ್ರದಲ್ಲಿರುವ ಅಂಗಡಿಯ ಹೆಸರು ಅದರಲ್ಲಿ ಇದೆಯೇ? ಒಂದೆರಡು ಅಕ್ಷರ ಹೆಚ್ಚುಕಡಿಮೆ ಇದೆಯೇ? ಚೌಕದ ಅಂಚನ್ನು ಉಗುರಿನಿಂದ ಕೆರೆದು, ಒಂದರ ಮೇಲೊಂದು ಅಂಟಿಸಿಲ್ಲವೆಂದೂ ನೋಡಿ. ಹಣ ಕೊಡುವುದಾದರೆ ಪರದೆಯ ಮೇಲೆ ಬಂದ ಹೆಸರನ್ನು ಅಂಗಡಿಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಮನೆಯ ಹಿರಿಯರಿಗೆ ಇನ್ನೊಂದು ಮಾತನ್ನು ನೀವೇ ತಿಳಿಸಿ: ಹಣ ಪಡೆಯಲು ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಹಾಗೆ ಹೇಳುವವರು ಹಣ ಕೊಡಲು ಬಂದವರಲ್ಲ, ಕಿತ್ತುಕೊಳ್ಳಲು ಬಂದವರು. ಮೋಸವಾಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಈಗ ನಿಮ್ಮ ಪಠ್ಯಪುಸ್ತಕ ತೆರೆಯಿರಿ. ಅದರಲ್ಲಿರುವ ಚೌಕ ನಿಮ್ಮನ್ನು ಅಂಗಡಿಗಲ್ಲ, ದೀಕ್ಷಾ ಎಂಬ ತಾಣದ ಪಾಠಗಳಿಗೆ ಕರೆದೊಯ್ಯುತ್ತದೆ. ಹಲವು ಪುಸ್ತಕಗಳಲ್ಲಿ ಚೌಕದ ಕೆಳಗೆ ಆರು ಅಕ್ಷರ-ಅಂಕಿಗಳ ಸಂಕೇತವೂ ಇರುತ್ತದೆ. ಕ್ಯಾಮೆರಾ ಸೋತರೆ ಮನುಷ್ಯರು ಓದಿ ಒತ್ತಲಿ ಎಂದು. ಒಂದು ಅಂಚಿನಿಂದ ಎದುರಿನ ಅಂಚಿನವರೆಗೆ ಎಷ್ಟು ಕೋಶಗಳಿವೆ ಎಂದು ಸೂಜಿಮೊನೆ ಇಟ್ಟು ಎಣಿಸಿ. ಮೂಲೆಯ ಪೆಟ್ಟಿಗೆಯೊಂದಕ್ಕೇ 7 ಕೋಶಗಳು, ಅಲ್ಲಿಂದ ಶುರು ಮಾಡಿದರೆ ಸುಲಭ. ಬಂದ ಸಂಖ್ಯೆಯಿಂದ 17 ಕಳೆದು 4ರಿಂದ ಭಾಗಿಸಿ. ಶೇಷ ಉಳಿದರೆ ಎಣಿಕೆ ತಪ್ಪಿದೆ ಎಂದರ್ಥ. ಅತಿ ಚಿಕ್ಕ ಚೌಕದಲ್ಲಿ 21 ಕೋಶ, ಉತ್ತರ 1. ಅತಿ ದೊಡ್ಡದರಲ್ಲಿ 177, ಉತ್ತರ 40. ನಡುವೆ ನಿಮ್ಮದು ಎಷ್ಟನೆಯದು? ಬಳಿಕ ಶಿಕ್ಷಕರ ಫೋನ್ ಕೇಳಿ ಪಡೆದು, ಚೌಕದ ನಟ್ಟನಡುವೆ ಹುಣಸೆಬೀಜದಷ್ಟು ಕಾಗದದ ಚೂರಿಟ್ಟು ಓದಿಸಿ. ಓದಿತೇ? ಚೂರನ್ನು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತಾ ಹೋಗಿ. ಆಮೇಲೆ ಅದೇ ಮೊದಲ ಪುಟ್ಟ ಚೂರನ್ನು ಮೂಲೆಯ ಪೆಟ್ಟಿಗೆಯ ಮೇಲಿಡಿ. ಏನಾಯಿತೆಂದು ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಬರೆದಿಡಿ, ಮುಂದಿನ ಸಲ ಬಂದಾಗ ಕೇಳುತ್ತೇನೆ.