ಸಾಣೆ ಹಿಡಿದ ಕೈಗಳಲ್ಲಿ ತಂಬೂರಿ

ಮಿರಜ್‌ನ ಸಿತಾರ್‌ಮೇಕರ್ ಗಲ್ಲಿಯಲ್ಲಿ ತಂಬೂರಿ ಕಟ್ಟುವ ಮನೆತನಗಳು ಮೂಲತಃ ಶಿಕಲಗಾರರವು. ಕತ್ತಿ, ಬರ್ಚಿಗಳಿಗೆ ಸಾಣೆ ಹಿಡಿಯುವುದು ಅವರ ಕುಲಕಸುಬು. ಬ್ರಿಟಿಷರ ಆಳ್ವಿಕೆ ಬಲಿತು ಆಯುಧಗಳಿಗೆ ಕೆಲಸ ತಪ್ಪಿದಾಗ, 19ನೇ ಶತಮಾನದ ನಡುವಿನಲ್ಲಿ ಫರೀದಸಾಹೇಬರು ವಾದ್ಯಗಳ ರಿಪೇರಿಗೆ ಕೈಹಾಕಿದರು, ಪಟವರ್ಧನ ಸಂಸ್ಥಾನಿಕರ ಆಸರೆ ಸಿಕ್ಕಿತು ಎಂಬುದು ಇಲ್ಲಿನ ಹಿರಿಯರ ಮಾತು. ಮುಂದೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಇದೇ ಊರಲ್ಲಿ ನೆಲೆಸಿದರು. 1937ರಲ್ಲಿ ತೀರಿಕೊಂಡಾಗ ಮೀರಾಸಾಹೇಬ ದರ್ಗಾದ ಆವರಣದಲ್ಲೇ ಮಣ್ಣಾದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು; ಆ ಶಿಷ್ಯರ ಬಳಿ ಕಲಿತವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ನಮ್ಮ ಹುಬ್ಬಳ್ಳಿ–ಧಾರವಾಡದ ಹಾಡಿಕೆಗೆ ಮಿರಜ್ ಅಂದರೆ ನೆರೆಮನೆಯೇ.

ತಂಬೂರಿಯ ಬುರುಡೆಗೆ ಪಂಢರಪುರದ ಕಡೆಯ ಕಹಿ ಸೋರೆ, ದಂಡಿಗೂ ಬುರುಡೆಯ ಬಾಯಿ ಮುಚ್ಚುವ ತಬಲಿಗೂ ತೂನ್ ಮರ. ಹೊಸದನ್ನು ಕಟ್ಟುವುದಕ್ಕಿಂತ ನನ್ನ ಮನಸ್ಸು ಹಿಡಿದದ್ದು ಹಳೆಯದಕ್ಕೆ ಮತ್ತೆ ಪಾಲಿಶ್ ಕೊಡುವ ಕೆಲಸ.

ಮೊದಲು ತಂತಿ ಸಡಿಲಿಸಿ ಬಿರಡೆ, ತಂತಿಗಳನ್ನು ಹೊರುವ ಘೋಡಿ ಬಿಚ್ಚಿಡುತ್ತಾರೆ. ಸ್ಪಿರಿಟ್ ಅದ್ದಿದ ಬಟ್ಟೆಯನ್ನು ಹಳೆಯ ಪಾಲಿಶ್ ಮೇಲೆ ಒತ್ತಿಟ್ಟರೆ ಅರಗು ಮೆತ್ತಗಾಗಿ ಅಂಟಂಟಾಗುತ್ತದೆ. ಆಗ ತೆಳು ಉಕ್ಕಿನ ಪಟ್ಟಿಯನ್ನು ಓರೆಯಾಗಿ ಹಿಡಿದು, ಮರದ ಎಳೆಯ ದಿಕ್ಕಿನಲ್ಲೇ ಕೆರೆಯಬೇಕು. ಅಡ್ಡ ಕೆರೆದರೆ ಮೂಡುವ ಗೀರು ಪಾಲಿಶ್ ಹಚ್ಚಿದ ಮೇಲೆ ಇನ್ನಷ್ಟು ಎದ್ದು ಕಾಣುತ್ತದೆ. ಬಿಸಿಗಾಳಿ ಊದಿ ಬೇಗ ಮುಗಿಸುವಂತಿಲ್ಲ; ಅಂಚಿನ ಸೆಲ್ಯುಲಾಯ್ಡ್ ಪಟ್ಟಿಗೆ ಬೆಂಕಿ ಹತ್ತುವುದು ಸುಲಭ. ಬಿರುಕಿಗೆ ಅದೇ ಮರದ ಪುಡಿ ಮತ್ತು ಅಂಟು. ಕೊನೆಗೆ ಸಣ್ಣ ಉಸುಕಿನ ಕಾಗದ.

ಆಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಹತ್ತಿಯನ್ನು ಮಲ್‌ಮಲ್‌ನಲ್ಲಿ ಸುತ್ತಿದ ಪುಟ್ಟ ಉಂಡೆಯಿಂದ ಸುತ್ತುಸುತ್ತಾಗಿ ಒರೆಸುತ್ತ, ತೆಳುವಾಗಿ, ಆರಲು ಬಿಟ್ಟು ಮತ್ತೆ ತೆಳುವಾಗಿ. ಕೈ ನಡುವೆ ನಿಂತರೆ ಅಲ್ಲೇ ಗುರುತು ಬೀಳುತ್ತದೆ. ಮಳೆಗಾಲದ ತೇವದಲ್ಲಿ ಪಾಲಿಶ್ ಬೆಳ್ಳಗೆ ಮಂಕಾಗುವುದರಿಂದ ಒಣ ಹವೆಗಾಗಿ ಕಾಯಬೇಕು. ಪದರ ತೆಳುವಾಗಿರಬೇಕಾದುದಕ್ಕೂ ಕಾರಣವಿದೆ: ಬಂದೂಕಿನ ಮರದ ಹಿಡಿಗಾದರೆ ಅಗಸೆ ಎಣ್ಣೆಯನ್ನು ಧಾರಾಳವಾಗಿ ಕುಡಿಸಬಹುದು. ಮಳೆಗಾಳಿಯನ್ನು ತಡೆದರೆ ಅದರ ಕೆಲಸ ಮುಗಿಯಿತು. ತಬಲಿ ಮಾತ್ರ ನಡುಗಬೇಕಾದ ಹಲಗೆ. ಅದರ ಮೇಲೆ ಪದರ ದಪ್ಪವಾದಷ್ಟೂ ನಾದ ಕುಗ್ಗುತ್ತದೆ. ಎಲ್ಲ ಮುಗಿದ ಮೇಲೆ ಘೋಡಿಯನ್ನು ಅರದಿಂದ ತೀಡಿ, ತಂತಿ ಝೇಂಕರಿಸುವಂತೆ ಜವಾರಿ ತೆಗೆಯುವಾಗ ಕೈಗಿಂತ ಕಿವಿಗೇ ಹೆಚ್ಚು ಕೆಲಸ.

ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಬಂದು ದಶಕಗಳೇ ಆದವು. ಈಗ ಮೊಬೈಲ್‌ನಲ್ಲೂ ಶ್ರುತಿ ಸಿಗುತ್ತದೆ. 2024ರಲ್ಲಿ ಮಿರಜ್‌ನ ಸಿತಾರ್, ತಂಬೂರಿಗಳಿಗೆ ಜಿಐ ಮಾನ್ಯತೆ ದೊರೆತದ್ದು ಸಂತೋಷದ ಸಂಗತಿ. ಆದರೆ ಕೆರೆಯುವ, ತೀಡುವ ಕೈಗೆ ನಿತ್ಯದ ಕೆಲಸ ಬೇಕು, ಅದನ್ನು ಕೊಡಬೇಕಾದವರು ನಾವು. ಅಜ್ಜಿ ಹಾಡುತ್ತಿದ್ದ ತಂಬೂರಿ ಅಟ್ಟದ ಮೇಲಿದ್ದರೆ ಅದಕ್ಕೆ ಅಂಗಡಿಯ ವಾರ್ನಿಶ್ ಬಳಿಯಬೇಡಿ. ಮಿರಜ್‌ಗೆ ಒಯ್ಯಿರಿ, ಈ ಕೆಲಸ ಬಲ್ಲವರು ಅಲ್ಲಿ ಇರುವಾಗಲೇ.